ನಾವು ಗೆದ್ದಲು ಸಾಕಿದ ವರ್ಷ

ಹೌಸ್ ಓನರ್ ನಮ್ಮ ಪಾತ್ರೆ ಪಡಗವನ್ನೆಲ್ಲ ಬೀದಿಗೆ ಎತ್ತಿಡಿಸಬಹುದಿತ್ತು. ಅವರ ಬರ್ಮಾ ತೇಗದ ಬಾಗಿಲು, ಒಂದು ಬೆಳಿಗ್ಗೆ ನಾನು ಚಿಲಕ ಎಳೆದ ಕೂಡಲೇ, ಹಪ್ಪಳದ ಹಾಗೆ ಮುರಿದು ಕೈಗೆ ಬರಬಹುದಿತ್ತು. ಸಾವಿತ್ರಿಯ ಧಾರೆ ಸೀರೆ ಟ್ರಂಕಿನೊಳಗೇ ಮಣ್ಣಾಗಬಹುದಿತ್ತು. ನಾನು ಕಚೇರಿಯಿಂದ ತಂದಿಟ್ಟ ಯಾರದೋ ವಿಮೆಯ ಫೈಲನ್ನು ಹುಳ ತಿಂದು, ಆ ಮನುಷ್ಯ ಅದೇ ವಾರ ತೀರಿಕೊಂಡು, ಅವನ ಹೆಂಡತಿ ಮಕ್ಕಳು ನನ್ನ ಮೇಜಿನ ಮುಂದೆ ಬಂದು ನಿಲ್ಲಬಹುದಿತ್ತು. ಹುತ್ತದಿಂದ ಹಾವು ಹೊರಟು ಸೋದರತ್ತೆಯನ್ನು ಕಚ್ಚಬಹುದಿತ್ತು. ಆಡಿ ತಿಂಗಳಲ್ಲಿ ಅಮ್ಮನವರ ಹುತ್ತ ಕೆದಕಿದ ಮೈಸೂರಿನವನೆಂದು ಬೀದಿಯ ಹೆಂಗಸರೆಲ್ಲ ಪೊರಕೆ ಹಿಡಿದು ಬರಬಹುದಿತ್ತು. ಬಂದಿದ್ದರೆ ನನಗೆ ತಮಿಳಿನಲ್ಲಿ ಕ್ಷಮೆ ಕೇಳಲೂ ನೆಟ್ಟಗೆ ಬರುತ್ತಿರಲಿಲ್ಲ. ಕೋಳಿಗಳು ಸಾಯಬಹುದಿತ್ತು. ಕೋಳಿಗಳು ಸತ್ತ ಕೊರಗಿಗೆ ಅತ್ತೆ ಹಾಸಿಗೆ ಹಿಡಿಯಬಹುದಿತ್ತು.

ಇದರಲ್ಲಿ ಯಾವುದೂ ಆಗಲಿಲ್ಲ. ಆದದ್ದು ಬೇರೆ, ಬಹಳ ಸಣ್ಣದು. ಅದು ನನ್ನ ತಲೆಗೆ ಹೊಳೆದಿರಲೇ ಇಲ್ಲ ಎನ್ನುವುದು ನನ್ನಂಥ ಪಳಗಿದ ಚಿಂತೆಗಾರನಿಗೆ ಇವತ್ತಿಗೂ ಅವಮಾನದ ಸಂಗತಿ.

ಹೋದ ವಾರ ಸಾವಿತ್ರಿ ತಾರಸಿಯ ಮೇಲೆ ಬಹಳ ದಿನದಿಂದ ಬೋರಲು ಬಿದ್ದಿದ್ದ ಹೂವಿನ ಕುಂಡ ಎತ್ತಿದಳು. ಒದ್ದೆ ಮಣ್ಣು, ಕೊಳೆತ ಹುಲ್ಲು, ಅದರ ಹಿಂದೆಯೇ ಹಳೇ ಕಾಗದದ ಕಂತೆಯಂಥ ಒಂದು ವಾಸನೆ. “ರೀ, ಬನ್ನಿ ಇಲ್ಲಿ, ನಿಮ್ಮ ನೆಂಟರು ಬಂದಿದಾರೆ” ಎಂದು ಕೂಗಿದಳು. ನೋಡಿದೆ. ಬೆಳ್ಳಗೆ ಗೆದ್ದಲು ಹರಿದಾಡುತ್ತಿತ್ತು. ನಾನು ಕೂಡಲೇ ಕೆಳಗಿಳಿದು ಹೋಗಿ ಬಾಗಿಲ ಚೌಕಟ್ಟನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದೆ. ಟಣ್ ಎಂದಿತು. ಈಗಿನ ನಮ್ಮ ಚೌಕಟ್ಟು ಕಬ್ಬಿಣದ್ದು.

ತಟ್ಟುವ ಈ ಚಾಳಿ ಅಂಟಿದ್ದು ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದಾಗ, ನಾವು ಹೊಸದಾಗಿ ಸಂಸಾರ ಹೂಡಿದ ಮದರಾಸಿನ ಅಣ್ಣಾ ನಗರದಲ್ಲಿ. ಆಗ ಅಲ್ಲಿ ರಸ್ತೆಗಳು ಈಗಿನಷ್ಟೇ ಅಗಲ, ಮನೆಗಳು ಮಾತ್ರ ಅಲ್ಲೊಂದು ಇಲ್ಲೊಂದು. ನಡುವಿನ ಸೈಟುಗಳಲ್ಲಿ ಸೀಮೆಜಾಲಿ ಬೆಳೆದಿರುತ್ತಿತ್ತು. ಬಂದರಿನ ನೌಕರಿಯಿಂದ ನಿವೃತ್ತರಾಗಿದ್ದ ಏಕಾಂಬರಂ ಅವರ ಮನೆಯ ಹಿಂದಿನ ಪೋರ್ಷನ್ನಿನಲ್ಲಿ ನಾವಿದ್ದೆವು. ಮುಂದಿನ ಭಾಗದಲ್ಲಿ ಅವರು, ಅವರ ಹೆಂಡತಿ ಕನಕಮ್ಮ, ಮತ್ತು ಆ ಬಾಗಿಲು. ರಂಗೂನಿನಲ್ಲಿ ವ್ಯಾಪಾರ ಮಾಡಿ ಬಂದವರೊಬ್ಬರ ಹಳೇ ಮನೆ ಕೆಡವಿದಾಗ ಅದನ್ನು ಕೊಂಡುತಂದು, ಮೊದಲು ಬಾಗಿಲು ನಿಲ್ಲಿಸಿ ಆಮೇಲೆ ಅದಕ್ಕೆ ಹೊಂದುವಂತೆ ಮನೆ ಕಟ್ಟಿಸಿದ್ದರು. ನಾನು ವಿಮಾ ಕಚೇರಿಯಲ್ಲಿ ಗುಮಾಸ್ತ. ಹಗಲೆಲ್ಲ ಇನ್ನೊಬ್ಬರಿಗೆ ಏನೇನು ಕೆಡುಕಾಗಬಹುದು ಎಂದು ಯೋಚಿಸುವುದು ನನ್ನ ಉದ್ಯೋಗ. ಸಂಜೆ ಮನೆಗೆ ಬಂದು ನನಗೇನಾಗಬಹುದು ಎಂದು ಓವರ್‌ಟೈಮ್ ಮಾಡುತ್ತಿದ್ದೆ.

ಆ ಬೇಸಿಗೆ ಕಳೆಯುವ ಹೊತ್ತಿಗೆ ಮದ್ದೂರಿನ ಹತ್ತಿರದ ನಮ್ಮೂರಿಂದ ಪುಟ್ಟತಾಯತ್ತೆ, ನನ್ನ ಅಪ್ಪನ ತಂಗಿ, ಬರುತ್ತಾಳೆಂದು ಸುದ್ದಿ ಬಂತು. ಮದರಾಸನ್ನೇ ನೋಡದವಳು ನನ್ನನ್ನು ನೋಡಲು ಅಷ್ಟು ದೂರ ಬರುತ್ತಿದ್ದಾಳಲ್ಲ ಎಂದು ಕರಗಿ, ಸೆಂಟ್ರಲ್ ಸ್ಟೇಷನ್ನಿಗೆ ಹೋಗಿ, ಪ್ಲಾಟ್‌ಫಾರಮ್ಮಿನಲ್ಲೇ ಕಾಲಿಗೆ ಬೀಳಲು ಬಗ್ಗಿದೆ.

“ಕಾಲ್ ಮುಟ್ಟದು ಆಮ್ಯಾಕೆ. ಮದ್ಲು ಈ ಮಂಕ್ರಿ ಇಡ್ಕೊ. ಅಲ್ಲಾಡುಸ್‌ಬ್ಯಾಡ, ಕಾವಿಗ್ ಕುಂತವ್ಳೆ” ಎಂದಳು.

ಹಳೇ ಸೀರೆ ಮುಚ್ಚಿದ ಬುಟ್ಟಿಯೊಳಗಿಂದ ಒಂದು ಕೆಂಪು ಬೋಳು ಕತ್ತು ಎದ್ದು ನನ್ನನ್ನು ದುರುಗುಟ್ಟಿಕೊಂಡು ನೋಡಿತು. ಅತ್ತೆ ಬಂದದ್ದು ನನಗಾಗಿ ಅಲ್ಲ ಎಂದು ಆಗಲೇ ತಿಳಿಯಿತು.

ಊರಿನ ಕೋಳಿಗಳಿಗೆ ಬೇನೆ ಬಿದ್ದಿತ್ತು. ಬೀದಿಗೆ ಬೀದಿಯೇ ಖಾಲಿ. ಅತ್ತೆಯ ಹಿತ್ತಿಲಿನಲ್ಲಿ ಉಳಿದದ್ದು, ಕೊಟ್ಟಿಗೆಯ ಅಟ್ಟದ ಮೇಲೆ ಒಂಟಿಯಾಗಿ ಕಾವಿಗೆ ಕೂತಿದ್ದ ಈ ಹೇಂಟೆ ಒಂದೇ. ಮೊಟ್ಟೆ ಸಮೇತ ಅದನ್ನು ಎತ್ತಿಕೊಂಡು ಬೇನೆ ಇಲ್ಲದ ಸೀಮೆಗೆ ಓಡಿಬಂದಿದ್ದಳು. ಅದು ಬೋಳುಗತ್ತಿನ ನಾಟಿ ತಳಿ. ತಲೆಯ ಮೇಲೆ ಟೋಪಿಯಷ್ಟು ಪುಕ್ಕ, ಅಲ್ಲಿಂದ ಎದೆಯವರೆಗೆ ಒಂದು ಎಳೆಯೂ ಇಲ್ಲ. ಅತ್ತೆಯ ಮದುವೆಯಲ್ಲಿ ನಮ್ಮಜ್ಜಿ ಮಡಿಲು ತುಂಬಿದ್ದು ಈ ತಳಿಯ ಮರಿಗಳಿಂದ.

“ಒಡವೆ ಇತ್ತಾ ಹಾಕಾಕೆ? ಕೋಳಿ ಇತ್ತು, ಹಾಕುದ್ಲು. ನಾನೂ ನನ್ನ ಮೂರು ಎಣ್ಮಕ್ಕಳ್ಗೂ ಅದನ್ನೇ ಹಾಕಿ ಕಳುಸ್ದೆ. ಈಗ ಅವ್ರ ಮನೇಲೂ ಎಲ್ಲಾ ಸತ್ತೋದ್ವು. ಇವ್ಳೊಬ್ಳು ಉಳ್ದವ್ಳೆ ಕಣ್ಲಾ ಮಗಾ. ಇವ್ಳೂ ಓದ್ರೆ ನಮ್ಮವ್ವುಂದು ಅಂತ ಆ ಮನೇಲಿ ಏನೈತೆ?”

ಏಕಾಂಬರಂ ಬುಟ್ಟಿಯೊಳಕ್ಕೆ ಬಗ್ಗಿ ನೋಡಿ, “ಎನ್ನ ಸಾರ್ ಇದು, ಕೋಳಿಯಾ, ಕಳುಗಾ?” ಎಂದರು. ರಣಹದ್ದಲ್ಲ, ಕೋಳಿಯೇ ಎಂದು ನಾನು ಪ್ರಮಾಣ ಮಾಡಿದೆ. ಹಿತ್ತಿಲಲ್ಲಿ ಇರಲಿ ಎಂದು ಒಪ್ಪಿದರು. ಒಂದೇ ಷರತ್ತು: ಮುಂಬಾಗಿಲ ಹತ್ತಿರ ಬರಕೂಡದು.

ಮೊಟ್ಟೆ ಒಡೆದು ಬುಟ್ಟಿ ತುಂಬ ಮರಿಗಳಾದವು. ಬೋಳುಗತ್ತಿನ ಮರಿಗಳು ಹುಟ್ಟುವಾಗಲೇ ಮುದುಕರ ಹಾಗಿರುತ್ತವೆ; ಸಾವಿತ್ರಿಗೆ ಅವು ನನ್ನಂತೆಯೇ ಕಂಡವಂತೆ. ರೇಷನ್ ಅಕ್ಕಿಯ ನುಚ್ಚು ಹಾಕಿದೆವು. ಮೊದಲ ದಿನಗಳಲ್ಲಿ ಲವಲವಿಕೆಯಿಂದ ತಿಂದವು. ಆಮೇಲೆ ಒಂದೊಂದೇ ಮಂಕಾದವು. ರೆಕ್ಕೆ ಜೋತುಬಿತ್ತು. ಪುಕ್ಕ ಬರಬೇಕಾದ ಕಡೆ ಬರೀ ಮುಳ್ಳಿನಂಥ ಮೊಳಕೆ, ಅದನ್ನೂ ಒಂದರದನ್ನು ಇನ್ನೊಂದು ಕುಕ್ಕಿ ಕಿತ್ತು ರಕ್ತ ಬರಿಸುತ್ತಿತ್ತು. ಒಂದೆರಡು ಸತ್ತವು.

“ಉಳ ಇಲ್ಲ ಕಣ್ಲಾ” ಎಂದಳು ಅತ್ತೆ. “ಬರೀ ಅಕ್ಕಿ ತಿಂದ್ರೆ ಒಟ್ಟೆ ತುಂಬ್ತದೆ, ಪುಕ್ಕ ಬರಾಕಿಲ್ಲ. ಪುಕ್ಕ ಬರಾಕೆ ಉಳಾನೇ ಬೇಕು.”

ಊರಲ್ಲಾದರೆ ತಿಪ್ಪೆ ಇರುತ್ತದೆ, ಹೇಂಟೆ ಕೆದರಿ ಹುಳ ತೋರಿಸುತ್ತದೆ. ಇಲ್ಲಿ ಕನಕಮ್ಮ ದಿನಾ ತೊಳೆಸುತ್ತಿದ್ದ ಸಿಮೆಂಟಿನ ಅಂಗಳ. ಆ ಹೇಂಟೆ ಸಿಮೆಂಟನ್ನೇ ಕೆದರುತ್ತಿತ್ತು. ಎರಡು ಕಾಲಲ್ಲೂ ಕೆದರಿ, ಹಿಂದೆ ಸರಿದು, ಕೊಕ್ ಕೊಕ್ ಕೊಕ್ ಎಂದು ಮರಿಗಳನ್ನು ಕರೆಯುತ್ತಿತ್ತು. ಮರಿಗಳು ಓಡಿಬಂದು ನೋಡುತ್ತಿದ್ದವು. ತೋರಿಸಲು ಅಲ್ಲಿ ಏನೂ ಇರುತ್ತಿರಲಿಲ್ಲ. ಅತ್ತೆ ಅದನ್ನು ನೋಡಲಾರದೆ ಒಳಗೆ ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಮಾಡಿಟ್ಟ ಮುದ್ದೆ ಹಾಗೇ ತಣ್ಣಗಾಗುತ್ತಿತ್ತು.

ಹುಳಕ್ಕೆ ಬದಲು ಮೀನು ಹಾಕಿದರಾಗದೆ, ಎಂದು ಯೋಚಿಸಿದವನು ನಾನು. ಕಚೇರಿಯಲ್ಲಿ ರಾಯಪುರಂ ಕಡೆಯವರೊಬ್ಬರು ಕಾಸಿಮೇಡಿನ ಮೀನು ಬಂದರಿಗೆ ದಾರಿ ಹೇಳಿಕೊಟ್ಟರು. ಭಾನುವಾರ ಮೊದಲ ಬಸ್ಸು ಹಿಡಿದು ಹೋದೆ. ಅಲ್ಲಿನ ಹರಾಜಿನ ಕೂಗಾಟದಲ್ಲಿ ಕೈ ಎತ್ತಿ ತಲೆ ಕೆರೆದುಕೊಂಡರೂ ಒಂದು ದೋಣಿ ಮೀನು ನನ್ನ ತಲೆಗೆ ಬೀಳಬಹುದೆಂದು ಕೈ ಕಟ್ಟಿಕೊಂಡೇ ನಡೆದೆ. ಕೊನೆಗೆ ಹೊರಗಡೆ ರಾಶಿ ಹಾಕಿದ್ದ ಒಣಮೀನು ಒಂದು ಚೀಲ ತಂದೆ. ನಾವು ಬಯಲುಸೀಮೆಯವರು, ಕೆರೆ ಮೀನು ಕಂಡವರು. ಕಡಲ ಮೀನನ್ನು ಒಣಗಿಸುವವರು ಉಪ್ಪು ಹಾಕಿ ಒಣಗಿಸುತ್ತಾರೆಂದು ನನಗೂ ಹೊಳೆದಿರಲಿಲ್ಲ, ಅತ್ತೆಗೂ ಹೊಳೆದಿರಲಿಲ್ಲ. ಅವಳು ಒರಳಲ್ಲಿ ಕುಟ್ಟಿ ಪುಡಿ ಮಾಡಿ, ಕೊನೆಯಲ್ಲಿ ಯಾಕೋ ಬೆರಳು ನೆಕ್ಕಿ ನೋಡಿದಳು.

“ಥೂ! ಇದೇನ್ಲಾ, ಉಪ್ಪಿನ್‌ಕಾಯಿ ತಂದಿದೀಯಾ? ಇದ್ನ ತಿಂದ್ರೆ ಮರಿ ಇವತ್ತೇ ಸತ್ತೋಯ್ತವೆ!”

ಉಪ್ಪು ಬಿಡಲೆಂದು ಬಕೆಟ್ಟಿನಲ್ಲಿ ನೆನೆಹಾಕಿದೆವು. ನೀರು ಚೆಲ್ಲಿ ಮತ್ತೆ ನೆನೆಹಾಕಿದೆವು. ಉಪ್ಪು ಬಿಟ್ಟಿತೋ ಇಲ್ಲವೋ, ವಾಸನೆ ಮಾತ್ರ ಬಿಡುಗಡೆಯಾಗಿ ಬೀದಿ ಸುತ್ತಿತು. ಸಂಜೆಯೊಳಗೆ ಬಡಾವಣೆಯ ಬೆಕ್ಕುಗಳೆಲ್ಲ ಕಾಂಪೌಂಡ್ ಗೋಡೆಯ ಮೇಲೆ ಸಭೆ ಸೇರಿದವು. ಸಭೆಯ ಕಣ್ಣೆಲ್ಲ ಬಕೆಟ್ಟಿನಿಂದ ನಿಧಾನವಾಗಿ ಮರಿಗಳ ಕಡೆಗೆ ತಿರುಗುತ್ತಿತ್ತು. ಏಕಾಂಬರಂ ಮೂಗಿಗೆ ಟವೆಲ್ ಹಿಡಿದು ಬಂದರು.

“ಎನ್ನ ಸಾರ್, ಕಾಸಿಮೇಡು ಅಣ್ಣಾ ನಗರುಕ್ಕೇ ವಂದುಡಿಚ್ಚಾ?” ಕಾಸಿಮೇಡೇ ಅಣ್ಣಾ ನಗರಕ್ಕೆ ಬಂದುಬಿಟ್ಟಿತೇ?

ಮರುದಿನ ಬೆಳಿಗ್ಗೆ ನಾನೂ ಅತ್ತೆಯೂ ಬಕೆಟ್ ಹೊತ್ತು ರಸ್ತೆಯಾಚೆಯ ಖಾಲಿ ಸೈಟಿಗೆ ಹೋದೆವು, ಮೀನು ಹೂಳಲು. ನಾನು ಗುಂಡಿ ತೋಡುತ್ತಿದ್ದೆ. ಅತ್ತೆ ಸುಮ್ಮನೆ ನಿಂತವಳು ಇದ್ದಕ್ಕಿದ್ದ ಹಾಗೆ ಸೆರಗು ಸಿಕ್ಕಿಸಿಕೊಂಡು ಜಾಲಿ ಮುಳ್ಳಿನೊಳಕ್ಕೆ ನುಗ್ಗಿದಳು. ಅಲ್ಲೊಂದು ಎದೆಯುದ್ದದ ಹುತ್ತ ಇತ್ತು. ಅದರ ಬುಡದ ಮಣ್ಣು ಕಿತ್ತು, ಅಂಗೈಲಿ ಹಿಡಿದು, ಚಿನ್ನದಂಗಡಿಯಲ್ಲಿ ನಿಂತವಳ ಹಾಗೆ ನೋಡಿದಳು.

“ಗೆದ್ಲು! ಮನೆ ಮುಂದ್ಗಡೆನೇ ಇಟ್ಕೊಂಡು ಮೀನಿಗ್ ಓಗಿದ್ಯಲ್ಲೋ ಪೆದ್ದ!”

ಉಪಾಯ ಹಳೆಯದು. ಮಡಕೆಯೊಳಗೆ ಒಣ ಸಗಣಿ, ಹುಲ್ಲು, ಹಳೇ ಗೋಣಿ ತುಂಡು ತುರುಕಿ, ನೀರು ಚಿಮುಕಿಸಿ, ಸಂಜೆ ಹುತ್ತದ ಬಾಯಿಗೆ ಬೋರಲು ಹಾಕುವುದು. ಬೆಳಗಾಗುವುದರೊಳಗೆ ಗೆದ್ದಲು ಮೇಲೆ ಹತ್ತಿ ತುಂಬಿಕೊಂಡಿರುತ್ತದೆ. ಎತ್ತಿ ತಂದು ಮರಿಗಳ ಮುಂದೆ ಸುರಿಯುವುದು. ಕೇಳುತ್ತ ಕೇಳುತ್ತ ನಾನು ರಸ್ತೆಯಾಚೆಯ ನಮ್ಮ ಮನೆಯ ಕಡೆ ತಿರುಗಿ ನೋಡಿದೆ. ಮದರಾಸಿನಲ್ಲೇ ಅತ್ಯಂತ ಪ್ರೀತಿಪಾತ್ರವಾದ ಬಾಗಿಲು ಇರುವ ಮನೆಗೆ ನಾವು ದಿನಾ ಒಂದು ಮಡಕೆ ಗೆದ್ದಲು ಹೊತ್ತು ತರುವುದು. ಅದೂ ಬಾಡಿಗೆದಾರರು.

“ಅತ್ತೆ, ಒಂದೆರಡು ತಪ್ಪಿಸಿಕೊಂಡು ಮನೆಯೊಳಗೆ ಹೋದರೆ?”

“ಒಂದೆರಡು ಓಗಿ ಏನ್ಮಾಡ್ತವೆ? ರಾಣಿ ಇಲ್ದೆ ಗೂಡು ಕಟ್ಟಾಕಿಲ್ಲ.”

“ರಾಣಿಯೇ ಹೋದರೆ?”

“ನಿನ್ನಂಗೆ ಅವ್ಳೂ ಕೆಲ್ಸ ಬಿಟ್ಟು ಸುತ್ತಾಳಾ? ಸುಮ್ಕಿರ್ಲಾ.”

ಮೊದಲ ಸಲ ಮಡಕೆ ಎತ್ತಿದರೆ ಬರೀ ಕೆಂಜಿರುವೆ. ಅತ್ತೆಯ ಕೈ ಮೊಣಕೈವರೆಗೂ ಬಾತುಕೊಂಡಿತು. ಅವಳು ತಪ್ಪು ಹುತ್ತದ್ದೇ ಎಂದು ವಾದಿಸಿ, ಹಸಿ ಮಣ್ಣು ಇದ್ದ ಬದಿಗೆ ಮಡಕೆ ಬದಲಿಸಿದಳು. ಅಲ್ಲಿ ಗೆದ್ದಲು ಬಂತು. ಹಿತ್ತಿಲಿನಲ್ಲಿ ಸುರಿದಾಗ ಹೇಂಟೆ ಒಂದು ಗಳಿಗೆ ನಂಬದೆ ನಿಂತಿತು. ಆಮೇಲೆ ಅದರ ಗಂಟಲಿನಿಂದ ನಾನು ಅಷ್ಟು ದಿನ ಕೇಳಿರದ ದನಿ ಬಂತು. ಮರಿಗಳು ಒಂದರ ಮೇಲೊಂದು ಬಿದ್ದು ಮುತ್ತಿಕೊಂಡವು. ಅತ್ತೆ ಆ ಬೆಳಿಗ್ಗೆ ಎರಡು ಮುದ್ದೆ ಉಂಡಳು.

ನಾನು ಮಾತ್ರ ದಿನಾ ಕಚೇರಿಗೆ ಹೊರಡುವ ಮುಂಚೆ ಮುಂಬಾಗಿಲ ಚೌಕಟ್ಟನ್ನು ಕೆಳಗಿನಿಂದ ಮೇಲಿನವರೆಗೆ ತಟ್ಟಿ, ಕಿವಿಗೊಟ್ಟು ಕೇಳುವ ಕೆಲಸ ಹಚ್ಚಿಕೊಂಡೆ. ಪೊಳ್ಳು ಸದ್ದು ಬಂದರೆ ಅವತ್ತೇ ಊರು ಬಿಡುವ ಯೋಚನೆ. ಒಂದು ದಿನ ಏಕಾಂಬರಂ ಕೈಗೆ ಸಿಕ್ಕಿಬಿದ್ದೆ.

“ಎನ್ನ ಸಾರ್, ದಿನಂ ಕಾಲೈಲೆ ಕದವೈ ತಟ್ಟುರೀಂಗೊ?” ದಿನಾ ಬೆಳಿಗ್ಗೆ ಬಾಗಿಲು ತಟ್ಟುತ್ತೀರಲ್ಲ?

ಬಾಯಿಗೆ ಬಂದದ್ದು ಹೇಳಿದೆ: “ನಲ್ಲ ತೇಕ್ಕು, ಸಾರ್.” ಒಳ್ಳೆಯ ತೇಗ.

ಏಕಾಂಬರಂ ಕಣ್ಣು ತೇವವಾಯಿತು. ಅಷ್ಟು ವರ್ಷದಲ್ಲಿ ಆ ಮಾತು ತಾನಾಗಿ ಹೇಳಿದವನು ನಾನೊಬ್ಬನೇ ಇರಬೇಕು. ಮರುದಿನದಿಂದ ಕಾಫಿ ಲೋಟ ಹಿಡಿದು ನನಗಾಗಿ ಕಾಯತೊಡಗಿದರು. ಇಬ್ಬರೂ ಸೇರಿ ತಟ್ಟುತ್ತಿದ್ದೆವು; ನಾನು ಭಯಕ್ಕೆ, ಅವರು ಸಂತೋಷಕ್ಕೆ.

ಅಷ್ಟರಲ್ಲಿ ಆಡಿ ತಿಂಗಳು, ನಮ್ಮ ಆಷಾಢ, ಹುಟ್ಟಿತು. ಆ ಸೀಮೆಯಲ್ಲಿ ಆಡಿಯ ಶುಕ್ರವಾರಗಳಲ್ಲಿ ಹೆಂಗಸರು ಹುತ್ತವನ್ನೇ ಅಮ್ಮನವರೆಂದು ಹಾಲೆರೆದು ಮೊಟ್ಟೆ ಇಟ್ಟು ಪೂಜಿಸುತ್ತಾರೆ. ಒಂದು ಶುಕ್ರವಾರ ನಾನು ಕಚೇರಿಯಿಂದ ಬರುವಾಗ ಸಾವಿತ್ರಿ ಗೇಟಿನಲ್ಲೇ ನಿಂತಿದ್ದಳು. ನಗು ತಡೆಯಲು ಸೆರಗು ಕಚ್ಚಿಕೊಂಡಿದ್ದಳು.

“ರೀ, ಅತ್ತೆಯ ಮಡಕೆಗೆ ಪೂಜೆ ಆಗ್ತಿದೆ.”

ಹೋಗಿ ನೋಡಿದೆ. ಮಡಕೆಗೆ ಗಟ್ಟಿಯಾಗಿ ಅರಿಸಿನ ಬಳಿದಿತ್ತು, ಕುಂಕುಮ ಇಟ್ಟಿತ್ತು, ಬೇವಿನ ಸೊಪ್ಪು ಮುಡಿಸಿತ್ತು. ಸುತ್ತ ಬೀದಿಯ ಹೆಂಗಸರು, ಮುಂದಾಳತ್ವ ಕನಕಮ್ಮನದು. ಅವರದೇನೂ ತಪ್ಪಿಲ್ಲ. ಸಂಜೆ ಸಂಜೆ ಮೈಸೂರಿನ ಕಡೆಯ ಹಿರಿಯ ಹೆಂಗಸೊಬ್ಬಳು ಹುತ್ತದ ಮುಂದೆ ಕೂತು, ಮಡಕೆ ಸವರಿ, “ಬನ್ರವ್ವ, ಬನ್ನಿ, ಮಕ್ಳು ಅಸ್ಕೊಂಡವೆ” ಎಂದು ಕರೆಯುವುದನ್ನು ಅವರು ನೋಡಿದ್ದರು. ಅದು ಗೆದ್ದಲಿಗೆ ಕೊಟ್ಟ ಕರೆ ಎಂದು ಯಾರಿಗೆ ಹೊಳೆಯಬೇಕು?

ಈಗ ಆ ಮಡಕೆ ದೇವರಾಗಿತ್ತು. ದೇವರನ್ನು ಎತ್ತಿಕೊಂಡು ಹೋಗಿ ಕೋಳಿಗೆ ಸುರಿಯುವುದು ಹೇಗೆ? ಶನಿವಾರ ಮರಿಗಳಿಗೆ ಬರೀ ನುಚ್ಚು. ಭಾನುವಾರವೂ ನುಚ್ಚೇ. ಮೊಳಕೆಯೊಡೆದಿದ್ದ ಪುಕ್ಕವನ್ನು ಅವು ಮತ್ತೆ ಕುಕ್ಕತೊಡಗಿದವು. ಸೋಮವಾರ ಬೆಳಿಗ್ಗೆ ಅತ್ತೆ ಎದ್ದು ನಿಂತಳು.

“ಅಮ್ಮನೂ ಮಕ್ಳೊಂದಿಗಳೇ ತಾನೆ? ಬ್ಯಾಡ ಅಂತಾಳಾ?”

ನಾನು ಹಿಂದೆ ಹಿಂದೆಯೇ ಓಡಿದೆ, “ಮನ್ನಿಚ್ಚುಕ್ಕೋಂಗ, ಮನ್ನಿಚ್ಚುಕ್ಕೋಂಗ” ಎಂದು ಕ್ಷಮಾಪಣೆಯನ್ನು ಬಾಯಿಪಾಠ ಮಾಡುತ್ತ. ನಮ್ಮ ಗ್ರಹಚಾರಕ್ಕೆ ಕನಕಮ್ಮ ಆಗಲೇ ಹಾಲಿನ ಚೊಂಬು ಹಿಡಿದು ಅಲ್ಲಿದ್ದರು. ಅತ್ತೆ ಅವರನ್ನು ನೋಡಿದಳು, ಮಡಕೆಗೆ ಕೈ ಮುಗಿದಳು, ಎತ್ತಿದಳು. ಎರಡು ಮೂರು ದಿನದಿಂದ ಯಾರೂ ಮುಟ್ಟದ ಮಡಕೆ. ಒಳಗೆ ಗೆದ್ದಲು ಅನ್ನ ಉಕ್ಕಿದ ಹಾಗೆ ಉಕ್ಕುತ್ತಿತ್ತು.

“ಕರೈಯಾನ್!” ಎಂದರು ಕನಕಮ್ಮ.

ಗೆದ್ದಲಿಗೆ ತಮಿಳಿನಲ್ಲಿ ಅದೇ ಹೆಸರು. ನಾನು ಕಣ್ಣು ಮುಚ್ಚಿದೆ. ನಮ್ಮ ಪಾತ್ರೆಗಳು ಬೀದಿಯಲ್ಲಿ ಉರುಳುವ ಸದ್ದು ಸ್ಪಷ್ಟವಾಗಿ ಕೇಳಿಸಿತು. ಕಣ್ಣು ಬಿಟ್ಟಾಗ ಕನಕಮ್ಮ ಚೊಂಬು ಕೆಳಗಿಟ್ಟು, ಮಡಕೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ನಗುತ್ತಿದ್ದರು.

“ಕೋಳಿಕ್ಕುಂಜುಕ್ಕಾ ಅಕ್ಕಾ? ಎಂಗಮ್ಮಾವುಂ ಇಪ್ಪಡಿತ್ತಾನ್ ವೈಪ್ಪಾಂಗ!”

ಚೆಂಗಲ್‌ಪಟ್ಟಿನ ಹತ್ತಿರದ ಹಳ್ಳಿಯಲ್ಲಿ ಅವರ ತಾಯಿಯೂ ಕೋಳಿಮರಿಗೆ ಹೀಗೇ ಮಡಕೆ ಇಡುತ್ತಿದ್ದರಂತೆ. ಅತ್ತೆಗೆ ತಮಿಳು ಬಾರದು, ಅವರಿಗೆ ಕನ್ನಡ ಬಾರದು. ಆದರೂ ಹುಲ್ಲು ಒಳ್ಳೆಯದೋ ತಾಳೆಗರಿ ಒಳ್ಳೆಯದೋ ಎಂದು ಅಲ್ಲೇ ಬಿಸಿಬಿಸಿ ಚರ್ಚೆಯಾಯಿತು. ಎದ್ದು ಹೊರಡುವಾಗ ಕನಕಮ್ಮ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು: “ಅವರುಕಿಟ್ಟೆ ಸೊಲ್ಲಾದೀಂಗೊ ತಂಬಿ.” ಯಜಮಾನರಿಗೆ ಹೇಳಬೇಡಿ. ಮಧ್ಯಾಹ್ನದ ಹೊತ್ತಿಗೆ ಅವರೇ ಇನ್ನೊಂದು ಮಡಕೆ ಕಳಿಸಿದರು. ಅಲ್ಲಿಂದ ಮುಂದೆ ಹುತ್ತದ ಒಂದು ಬದಿಯದು ಅಮ್ಮನಿಗೆ, ಇನ್ನೊಂದು ಬದಿಯದು ಮರಿಗಳಿಗೆ.

ಮರಿಗಳಿಗೆ ಪುಕ್ಕ ಬಂತು. ಮೊದಲು ರೆಕ್ಕೆಗೆ, ಆಮೇಲೆ ಬೆನ್ನಿಗೆ. ಕಾಡಿಗೆ ಬಣ್ಣದ ಮೈ, ಬಿಸಿಲಿಗೆ ಹಸಿರು ಹೊಳಪು, ಮೇಲೆ ಕೆಂಪಗೆ ಎದ್ದ ಬೋಳು ಕತ್ತು. ಉಳಿದದ್ದು ಐದೇ, ಆದರೆ ಐದೂ ಗಟ್ಟಿ. ಅತ್ತೆಯೂ ಕೊಂಚ ಮೈಕೈ ತುಂಬಿಕೊಂಡಳು. ಬೆಳಗಿನ ಹೊತ್ತು ಕನಕಮ್ಮನೂ ಅವಳೂ ಹಿತ್ತಿಲ ಕಟ್ಟೆಯ ಮೇಲೆ ಕೂತು, ಮರಿ ತಿನ್ನುವುದನ್ನು ನೋಡುತ್ತ, ತಮ್ಮ ತಮ್ಮ ಗಂಡಂದಿರನ್ನು ತಮ್ಮ ತಮ್ಮ ಭಾಷೆಯಲ್ಲಿ ಬೈಯುತ್ತಿದ್ದರು.

ಐಪ್ಪಸಿಯ ಹಿಂಗಾರು ಮಳೆ ಹಿಡಿಯಿತು. ಮೊದಲ ದೊಡ್ಡ ಮಳೆ ನಿಂತ ಸಂಜೆ, ರೆಕ್ಕೆ ಮೂಡಿದ ಗೆದ್ದಲು ನೆಲದಿಂದ ಹೊಗೆಯಂತೆ ಎದ್ದು, ಏಕಾಂಬರಂ ಮುಂಬಾಗಿಲ ಟ್ಯೂಬ್‌ಲೈಟಿಗೆ ಮುತ್ತಿಕೊಂಡಿತು. “ಈಸಲ್! ಈಸಲ್!” ಎಂದು ಅವರು ಟವೆಲ್ ಬೀಸುತ್ತ ಕುಣಿಯುತ್ತಿದ್ದರು. ನಮ್ಮ ಕೋಳಿಗಳು ಅಷ್ಟು ತಿಂಗಳು ಪಾಲಿಸಿದ ಷರತ್ತನ್ನು ಒಂದೇ ಏಟಿಗೆ ಮುರಿದು, ಹಿತ್ತಿಲಿನಿಂದ ಹಾರಿ, ಮುಂಬಾಗಿಲಿಗೇ ನುಗ್ಗಿದವು. ನೆಲದ ಮೇಲೆ ಬಿದ್ದದ್ದನ್ನು, ಬೀಳುತ್ತಿದ್ದದ್ದನ್ನು, ಬಾಗಿಲ ಕೆತ್ತನೆಯೊಳಗೆ ಅಡಗಿದ್ದನ್ನು ಹೆಕ್ಕಿ ತಿಂದು ಗಂಟಲಚೀಲ ನಿಂಬೆಹಣ್ಣಿನಷ್ಟು ಉಬ್ಬಿಸಿಕೊಂಡವು. ಏಕಾಂಬರಂ ಟವೆಲ್ ಕೆಳಗಿಳಿಸಿ ನೋಡುತ್ತಲೇ ನಿಂತರು.

“ಸಾರ್, ಉಂಗ ಕಳುಗು ಎನ್ ಕದವೈ ಕಾಪ್ಪಾತ್ತಿಡುಚ್ಚು!”

ನಮ್ಮ ರಣಹದ್ದುಗಳು ಅವರ ಬಾಗಿಲನ್ನು ಕಾಪಾಡಿದವಂತೆ. ನಾನು ಗಂಭೀರವಾಗಿ ತಲೆಯಾಡಿಸಿದೆ. ಕನಕಮ್ಮ ಕೆಮ್ಮು ಬಂದವರ ಹಾಗೆ ಒಳಗೆ ಹೋದರು.

ಸಂಕ್ರಾಂತಿಯ ತೈ ತಿಂಗಳು ಬರುವ ಹೊತ್ತಿಗೆ ಊರಲ್ಲಿ ಬೇನೆ ತಣ್ಣಗಾಗಿತ್ತು. ಅತ್ತೆ ಗಂಟು ಕಟ್ಟಿದಳು. ರೈಲಿನಲ್ಲಿ ಕೋಳಿಗಳಿಗೆ ಉಸಿರು ಕಟ್ಟಿದರೆ, ಬೆಂಗಳೂರಿನಲ್ಲಿ ಬುಟ್ಟಿ ಅದಲುಬದಲಾದರೆ, ಟಿಕೆಟ್ ಪರೀಕ್ಷಕರು ಕೋಳಿಗೂ ಟಿಕೆಟ್ ಕೇಳಿದರೆ, ಎಂದು ನಾನು ಅಂಗಳದಲ್ಲಿ ಶತಪಥ ಹಾಕುತ್ತಿದ್ದೆ. ಬೀಳ್ಕೊಡಲು ಬಂದ ಏಕಾಂಬರಂ ಬುಟ್ಟಿಯೊಳಗೆ ಇಣುಕಿ, “ಇದಿಲೆ ಸೇವಲ್ ಎದು?” ಎಂದರು. ಇದರಲ್ಲಿ ಹುಂಜ ಯಾವುದು?

ನಾನೂ ಇಣುಕಿದೆ. ಎಲ್ಲವೂ ಹೇಂಟೆಗಳೇ. ಅಷ್ಟು ತಿಂಗಳು ಬಾಗಿಲು ತಟ್ಟುತ್ತ ಕಳೆದವನು ಒಂದು ದಿನವೂ ಆ ಕಡೆ ನೋಡಿರಲಿಲ್ಲ. ಹುಂಜವಿಲ್ಲದೆ ಅಜ್ಜಿಯ ತಳಿ ಹೇಗೆ ಮುಂದುವರಿಯುತ್ತದೆ?

“ಅತ್ತೆ, ಇದು ನಿಂಗೆ ಗೊತ್ತಿತ್ತಾ?”

“ಯಾವಾಗ್ಲೋ ಗೊತ್ತಿತ್ತು. ಸಾವಿತ್ರಿಗೂ ಗೊತ್ತಿತ್ತು. ನಿಂಗ್ ಯೋಳಿದ್ರೆ ನಿದ್ದೆ ಮಾಡ್ತಿದ್ದಾ?”

ಆಗ ಕನಕಮ್ಮ ಒಳಗಿನಿಂದ ಕಾಲು ಕಟ್ಟಿದ ಹುಂಜವೊಂದನ್ನು ಕಂಕುಳಲ್ಲಿ ಇರುಕಿಕೊಂಡು ಬಂದರು. ಚೆಂಗಲ್‌ಪಟ್ಟಿನ ತವರಿಂದ ತರಿಸಿದ್ದು. ಒಳ್ಳೆಯ ಎತ್ತರ, ಚೂಪು ಕಣ್ಣು, ಮತ್ತು ಕಿವಿಯಿಂದ ಎದೆಯವರೆಗೆ ಒತ್ತೊತ್ತಾಗಿ ಕೆಂಬಣ್ಣದ ಪುಕ್ಕ. ಅತ್ತೆ ಅದನ್ನು ಮಗು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡಳು.

“ಗಂಡು ಯಾವೂರ್ದಾದ್ರೇನ್ಲಾ? ತಾಯಿ ನಮ್ಮೋಳು. ಇದು ತ್ವರುಮನೆ ಕೋಳಿ ತಾನೆ? ತಾಯಿ ಕಡೆಯಿಂದ್ಲೇ ಬರ್ಲಿ.”

ಬುಟ್ಟಿ ಅದಲುಬದಲಾಗಲಿಲ್ಲ. ಯಾರಿಗೂ ಉಸಿರು ಕಟ್ಟಲಿಲ್ಲ. ಮುಂದಿನ ಬೇಸಿಗೆಗೆ ನಾವು ಊರಿಗೆ ಹೋದಾಗ ಅತ್ತೆಯ ಹಿತ್ತಿಲು ಕಾಲಿಡಲು ಜಾಗವಿಲ್ಲದಷ್ಟು ಮರಿಗಳಿಂದ ಗಿಜಿಗುಡುತ್ತಿತ್ತು. ಮೂರೂ ಹೆಣ್ಣುಮಕ್ಕಳು ಬಂದು ತಮ್ಮ ಪಾಲು ಒಯ್ದಿದ್ದರು. ಅದೇ ಕಾಡಿಗೆ ಮೈ, ಅದೇ ಕೆಂಪು ಬೋಳು ಕತ್ತು, ಅಜ್ಜಿಯ ಕೋಳಿಗಳದೇ ಆ ಸಿಡುಕು ನೋಟ. ನಾನು ಒಂದನ್ನು ಹಿಡಿದೆತ್ತಿ ನೋಡಿದೆ, ಇನ್ನೊಂದನ್ನೂ ನೋಡಿದೆ. ಅತ್ತೆ ಬೇರೆ ಕಡೆ ಮುಖ ತಿರುಗಿಸಿ, ಮೊರದಲ್ಲಿ ಇಲ್ಲದ ಕಲ್ಲು ಆರಿಸತೊಡಗಿದಳು. ಒಂದೊಂದು ಕೋಳಿಯ ಗಂಟಲ ಮುಂಭಾಗದಲ್ಲೂ, ಮದುವೆ ಆರತಕ್ಷತೆಗೆ ಕೂತ ಗಂಡಿನ ಬೋ ಟೈ ಹಾಗೆ, ಒಂದು ಕುಚ್ಚು ಪುಕ್ಕವಿತ್ತು.